ತೀವ್ರ ನಿಗಾ ವೈದ್ಯರ ಕಾಲೇಜು: ಮಡಿಕೇರಿಯಿಂದ ಕಂಡಂತೆ

2019ರ ಜೂನ್‌ನಲ್ಲಿ ಕೊಡಗಿನ ಯುವಜನರು ಟ್ವಿಟರ್‌ನಲ್ಲಿ ಒಂದೇ ಬೇಡಿಕೆ ಇಟ್ಟು ಅಭಿಯಾನ ನಡೆಸಿದರು. ಜಿಲ್ಲೆಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂಬುದು ಆ ಬೇಡಿಕೆ. ರಸ್ತೆ ಅಪಘಾತವಾಗಲಿ, ಹೃದಯಾಘಾತವಾಗಲಿ, ಜೀವ ಕೈಯಲ್ಲಿ ಹಿಡಿದುಕೊಂಡು ಮೈಸೂರಿಗೋ ಮಂಗಳೂರಿಗೋ ಓಡಬೇಕಾದವರ ಸಿಟ್ಟು ಅದರಲ್ಲಿತ್ತು. ಸುದ್ದಿ ಬೆಂಗಳೂರಿನವರೆಗೂ ಮುಟ್ಟಿತು. ಆದರೆ ಆಗ ನಡೆದ ಚರ್ಚೆಯಲ್ಲಿ ಬಹುಪಾಲು ಕಟ್ಟಡ, ಹಾಸಿಗೆ, ಯಂತ್ರಗಳ ಮಾತೇ ಆಯಿತು. ಅವನ್ನು ಸರ್ಕಾರ ಒಂದು ಬಜೆಟ್‌ನಲ್ಲಿ ಕೊಟ್ಟುಬಿಡಬಹುದು. ರಾತ್ರಿ ಎರಡು ಗಂಟೆಗೆ ವೆಂಟಿಲೇಟರ್ ಪಕ್ಕ ನಿಲ್ಲುವ ವೈದ್ಯರು ಎಲ್ಲಿಂದ ಬರುತ್ತಾರೆ, ಅವರಿಗೆ ಯಾರು ಕಲಿಸುತ್ತಾರೆ, ಕಲಿತದ್ದು ಸಾಕು ಎಂದು ಯಾರು ಸಹಿ ಹಾಕುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತಲಿಲ್ಲ. ಅದಕ್ಕೆ ಉತ್ತರ ಇರುವುದು ವೃತ್ತಿಯವರೇ ಕಟ್ಟಿಕೊಂಡ ಸಂಸ್ಥೆಗಳಲ್ಲಿ. ಅವುಗಳಿಗೂ ಕಾಲೇಜು ಎಂದೇ ಹೆಸರು. ಹಾಸ್ಟೆಲ್ಲು, ಲೆಕ್ಚರ್ ಹಾಲು ಇಲ್ಲದ, ಸದಸ್ಯರು, ಸಮಿತಿಗಳು ಮತ್ತು ಪರೀಕ್ಷೆಗಳಿಂದಲೇ ನಡೆಯುವ ಕಾಲೇಜುಗಳು ಇವು.

ತೀವ್ರ ನಿಗಾ ವೈದ್ಯಶಾಸ್ತ್ರ ಹುಟ್ಟಿದ್ದೇ ಕೈ ಸಾಲದೆ. 1952ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಪೋಲಿಯೊ ರೋಗಿಗಳು ದಂಡುದಂಡಾಗಿ ಬಂದರು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳು, ದೊಡ್ಡವರು. ಅವರನ್ನು ಉಳಿಸಲು ಬೇಕಾದಷ್ಟು ಯಂತ್ರಗಳು ಅಲ್ಲಿರಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ತುಂಬುವ ಉಪಾಯ ತೋರಿಸಿದರು. ಆಪರೇಷನ್ ಥಿಯೇಟರಿನಲ್ಲಿ ದಿನನಿತ್ಯ ಮಾಡುತ್ತಿದ್ದ ಕೆಲಸವನ್ನೇ ಅವರು ವಾರ್ಡಿಗೆ ತಂದರು. ಚೀಲ ಒತ್ತಲು ಸುಮಾರು 1500 ಮಂದಿ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಕೂತರು. ಮರುವರ್ಷದ ಡಿಸೆಂಬರಿನಲ್ಲಿ ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ಘಟಕ ತೆರೆದರು. ಇಂದಿನ ಐಸಿಯುಗಳ ವಂಶಾವಳಿ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಹೀಗೆ ಅರಿವಳಿಕೆಯವರ ಕೈಚಳಕ, ಫಿಜಿಷಿಯನ್ನರ ರೋಗಜ್ಞಾನ, ಸರ್ಜನ್ನರ ತುರ್ತು ಮೂರೂ ಸೇರಿ ಹುಟ್ಟಿದ ಶಾಖೆಯಾದ್ದರಿಂದ ಅದು ಯಾರ ಮನೆಯ ಕೂಸು ಎಂಬ ತಕರಾರು ಮೊದಲಿನಿಂದಲೂ ಇದೆ. ಈ ತಕರಾರನ್ನು ಒಂದೊಂದು ದೇಶ ಒಂದೊಂದು ರೀತಿ ಬಗೆಹರಿಸಿಕೊಂಡಿತು. ಕಾಲೇಜಿನ ಕಟ್ಟೋಣದಲ್ಲಿ ಕಾಣುವ ವ್ಯತ್ಯಾಸಗಳ ಬೇರು ಇಲ್ಲಿದೆ.

ಅಮೆರಿಕದಲ್ಲಿ 1970ರಲ್ಲಿ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಶುರುವಾಯಿತು. 1988ರಲ್ಲಿ ಅದರ ಒಳಗೇ ಒಂದು ಕಾಲೇಜು ಬಂತು. ಆದರೆ ಅದು ಪರೀಕ್ಷೆ ನಡೆಸುವ ಕಾಲೇಜಲ್ಲ. ಹಿರಿಯರಿಗೆ ಫೆಲೋ ಗೌರವ ಕೊಡುವುದು, ಚಿಕಿತ್ಸೆಯ ಮಾರ್ಗಸೂಚಿಗಳನ್ನು ಬರೆಸುವುದು ಅದರ ಕೆಲಸ. ಪರೀಕ್ಷೆ, ಪ್ರಮಾಣಪತ್ರಗಳೆಲ್ಲ ಮೆಡಿಸಿನ್, ಸರ್ಜರಿ, ಅರಿವಳಿಕೆ, ಮಕ್ಕಳ ವಿಭಾಗಗಳ ಮಂಡಳಿಗಳ ಕೈಯಲ್ಲೇ ಉಳಿದವು. ಬ್ರಿಟನ್ನಿನಲ್ಲಿ 2010ರಲ್ಲಿ ಏಳು ಹಳೆಯ ಕಾಲೇಜುಗಳು ಸೇರಿ ಒಂದು ಫ್ಯಾಕಲ್ಟಿ ಕಟ್ಟಿದವು. ಕೂಡುಕುಟುಂಬದ ಕೊನೆಯ ಮಗ ಇದ್ದಂತೆ. ಅಡುಗೆ ಬೇರೆಯಾದರೂ ಅಂಗಳ ಹಿರಿಯರದ್ದೇ.

ನನಗೆ ಹೆಚ್ಚು ಆಸಕ್ತಿ ಇರುವುದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ಹಿಡಿದ ದಾರಿಯಲ್ಲಿ. ಅವರೂ ಮೊದಲು ಅರಿವಳಿಕೆಯವರ ನೆರಳಲ್ಲಿದ್ದರು. 2002ರಲ್ಲಿ ಫಿಜಿಷಿಯನ್ನರನ್ನೂ ಕೂಡಿಸಿಕೊಂಡು ಜಂಟಿ ಫ್ಯಾಕಲ್ಟಿ ಮಾಡಿಕೊಂಡರು. 2010ರ ಜನವರಿಯಿಂದ ಕಾಲೇಜ್ ಆಫ್ ಇಂಟೆನ್ಸಿವ್ ಕೇರ್ ಮೆಡಿಸಿನ್ ಎಂಬ ಹೆಸರಿನಲ್ಲಿ ಪೂರ್ತಿ ಸ್ವತಂತ್ರರಾದರು. ಮೇಲೆ ಫೆಲೋಗಳು ಆರಿಸಿದ ಮಂಡಳಿ. ಅದರ ಕೆಳಗೆ ಶಿಕ್ಷಣ, ಪರೀಕ್ಷೆ, ಆಸ್ಪತ್ರೆಗಳ ಮಾನ್ಯತೆಗೆ ಒಂದೊಂದು ಸಮಿತಿ. ಜೊತೆಗೆ ಪ್ರಾಂತ್ಯವಾರು ಸಮಿತಿಗಳು. ತರಬೇತಿ ಕನಿಷ್ಠ ಆರು ವರ್ಷ, ಅದರಲ್ಲಿ ಎರಡು ದೊಡ್ಡ ಪರೀಕ್ಷೆ. ಇಷ್ಟು ಕೇಳಿದರೆ ಎಲ್ಲ ಕಾಲೇಜುಗಳೂ ಹೀಗೇ ಅಲ್ಲವೇ ಎನಿಸುತ್ತದೆ. ನಿಜವಾದ ಅಧಿಕಾರ ಇರುವುದು ಮಾನ್ಯತೆಯ ಸಮಿತಿಯಲ್ಲಿ. ಯಾವ ಐಸಿಯುನಲ್ಲಿ ಎಷ್ಟು ತಿಂಗಳು ದುಡಿದರೆ ತರಬೇತಿಗೆ ಜಮಾ ಆಗುತ್ತದೆ ಎಂದು ತೀರ್ಮಾನಿಸುವವರು ಅವರು. ತಪಾಸಣೆಯ ತಂಡ ಬರುತ್ತದೆ, ಹಾಸಿಗೆ ಎಣಿಸುತ್ತದೆ, ಹಿರಿಯ ತಜ್ಞರು ಎಷ್ಟು ಹೊತ್ತು ಘಟಕದಲ್ಲಿರುತ್ತಾರೆ ಎಂದು ಕೇಳುತ್ತದೆ, ಕಿರಿಯರನ್ನು ಬೇರೆಯಾಗಿ ಕೂರಿಸಿ ಮಾತಾಡಿಸುತ್ತದೆ. ಪಾಸಾದರೆ ಆ ಘಟಕಕ್ಕೆ ಇಂತಿಷ್ಟು ತಿಂಗಳ ಮಾನ್ಯತೆ. ಆಮೇಲೆ ಕಲಿಯುವವರ ಸಾಲು ಆ ಕಡೆಗೆ ತಿರುಗುತ್ತದೆ. ಕಾಲೇಜಿನ ಮಂಡಳಿಯಲ್ಲಿ ಅಧ್ಯಕ್ಷರು ಯಾರು ಎಂಬುದಕ್ಕಿಂತ ಈ ಪಟ್ಟಿಯಲ್ಲಿ ಯಾವ ಊರಿದೆ ಎಂಬುದು ಮುಖ್ಯ. ಅವರ ನಿಯಮಾವಳಿಯಲ್ಲಿ ಇನ್ನೊಂದು ಸಾಲಿದೆ: ಪ್ರತಿ ತರಬೇತಿದಾರ ಕನಿಷ್ಠ ಮೂರು ತಿಂಗಳು ಗ್ರಾಮೀಣ ಪ್ರದೇಶದ ಆಸ್ಪತ್ರೆಯಲ್ಲಿ ದುಡಿಯಬೇಕು. ಆ ಒಂದು ಸಾಲಿನ ಬಗ್ಗೆ ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಹೇಗಿದೆ? ಭಾರತೀಯ ತೀವ್ರ ನಿಗಾ ವೈದ್ಯಶಾಸ್ತ್ರ ಸಂಘ, ಎಂದರೆ ಐಎಸ್‌ಸಿಸಿಎಂ, 1993ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಹುಟ್ಟಿತು. ಚುನಾಯಿತ ಕಾರ್ಯಕಾರಿ ಸಮಿತಿ, ಊರೂರಿನ ಶಾಖೆಗಳು, ವರ್ಷಕ್ಕೊಂದು ದೊಡ್ಡ ಸಮ್ಮೇಳನ, ಒಂದು ಪತ್ರಿಕೆ ಅದಕ್ಕಿವೆ. ಈ ಸಂಘದ ಶೈಕ್ಷಣಿಕ ಅಂಗವೇ ಇಂಡಿಯನ್ ಕಾಲೇಜ್ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್. ಅದಕ್ಕೆ ವಿಶ್ವವಿದ್ಯಾಲಯದಂತೆ ಕುಲಾಧಿಪತಿ, ಉಪಕುಲಪತಿ, ಕಾರ್ಯದರ್ಶಿ ಎಂಬ ಹುದ್ದೆಗಳು. ಎಂ.ಡಿ. ಮುಗಿಸಿದವರಿಗೆ ಐಡಿಸಿಸಿಎಂ ಎಂಬ ಡಿಪ್ಲೊಮಾ, ಅದರ ಮೇಲೆ ಐಎಫ್‌ಸಿಸಿಎಂ ಫೆಲೋಶಿಪ್, ಎಂಬಿಬಿಎಸ್ ಮಾತ್ರ ಆದವರಿಗೆ ಒಂದು ಸರ್ಟಿಫಿಕೇಟ್ ಕೋರ್ಸು, ನರ್ಸ್‌ಗಳಿಗೆ ಬೇರೆಯೇ ಡಿಪ್ಲೊಮಾ ಇವೆ. ಕಲಿಸುವ ಆಸ್ಪತ್ರೆಗೆ ಮಾನ್ಯತೆ ಕೊಡುವುದೂ, ಪರೀಕ್ಷೆ ನಡೆಸುವುದೂ ಸಂಘದ ಕಡೆಯವರೇ.

ಇಲ್ಲೇ ಗಂಟು ಬೀಳುವುದು. ಈ ಡಿಪ್ಲೊಮಾಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನ್ಯತೆ ಇಲ್ಲ. ಆಯೋಗ ಮಾನ್ಯ ಮಾಡುವುದು ವೈದ್ಯಕೀಯ ಕಾಲೇಜುಗಳಲ್ಲಿ ಕಲಿಯುವ ಮೂರು ವರ್ಷದ ಡಿ.ಎಂ. ಮತ್ತು ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿಯನ್ನು. ಎರಡಕ್ಕೂ ದಾರಿ ನೀಟ್ ಸೂಪರ್ ಸ್ಪೆಷಾಲಿಟಿ ಪರೀಕ್ಷೆ. ಹೀಗಾಗಿ ಒಂದೇ ಐಸಿಯುನಲ್ಲಿ ಒಂದೇ ಕೆಲಸ ಮಾಡುವ ಮೂವರು ಬೇರೆ ಬೇರೆ ಬಾಗಿಲಿನಿಂದ ಬಂದಿರುತ್ತಾರೆ. ಇದು ಅವ್ಯವಸ್ಥೆ ಎಂದು ಮೂಗು ಮುರಿಯುವುದು ಸುಲಭ. ಆದರೆ ಡಿ.ಎಂ. ಸೀಟುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ನಮ್ಮ ಖಾಸಗಿ ಆಸ್ಪತ್ರೆಗಳ ಐಸಿಯುಗಳಿಗೆ ಓದಿದ ಕೈಗಳನ್ನು ಕೊಟ್ಟದ್ದು ಈ ಮಾನ್ಯತೆಯಿಲ್ಲದ ಡಿಪ್ಲೊಮಾವೇ. ಸರ್ಕಾರ ತಡವಾಗಿ ಎಚ್ಚೆತ್ತ ಕಡೆ ವೃತ್ತಿಯವರು ಮೊದಲೇ ಕೆಲಸ ಶುರು ಮಾಡಿದ್ದರು. ಆ ಋಣವನ್ನು ಒಪ್ಪಿಕೊಳ್ಳಬೇಕು.

ಒಪ್ಪಿಕೊಂಡ ಮೇಲೂ ಕೊಡಗಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೂರು ಬಾಗಿಲೂ ತೆರೆಯುವುದು ದೊಡ್ಡ ಊರುಗಳಲ್ಲಿ. ಮಾನ್ಯತೆಗೆ ಇಷ್ಟು ಹಾಸಿಗೆ, ಇಷ್ಟು ಬೋಧಕರು, ಇಷ್ಟು ರೋಗಿಗಳು ಎಂಬ ಲೆಕ್ಕ ಬೇಕು. ಬೇಡ ಎನ್ನಲಾಗದು, ಕಲಿಯುವವರು ಸಾಕಷ್ಟು ರೋಗಿಗಳನ್ನು ನೋಡಲೇಬೇಕು. ಅದರ ಅಡ್ಡಪರಿಣಾಮ ಮಾತ್ರ ನೇರವಾಗಿದೆ: ಕಲಿತವರು ಕಲಿತ ಊರಿನಲ್ಲೇ ನಿಲ್ಲುತ್ತಾರೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಜಿಲ್ಲಾಸ್ಪತ್ರೆಯೇ ಅದರ ಬೋಧನಾ ಆಸ್ಪತ್ರೆ. ಅಲ್ಲಿಂದ ಎಂಬಿಬಿಎಸ್ ಮುಗಿಸಿದ ಹುಡುಗಿಯೊಬ್ಬಳಿಗೆ ತೀವ್ರ ನಿಗಾ ತಜ್ಞೆಯಾಗುವ ಆಸೆ ಇದೆ ಎಂದುಕೊಳ್ಳಿ. ಮೂರು ವರ್ಷ ಎಂ.ಡಿ., ಮತ್ತೆ ಮೂರು ವರ್ಷ ಡಿ.ಎಂ. ಮುಗಿಸುವ ಹೊತ್ತಿಗೆ ಅವಳ ಸಂಸಾರ, ಸಾಲ, ಸ್ನೇಹ ಎಲ್ಲ ಬೆಂಗಳೂರಿನಲ್ಲಿ ಬೇರೂರಿರುತ್ತದೆ. ಊರಿನ ಮೇಲೆ ಪ್ರೀತಿ ಇದ್ದರೂ ಪುತ್ತರಿ ಹಬ್ಬಕ್ಕೋ ಕೈಲ್‌ಪೋದಿಗೋ ಬಂದು ಹೋಗುವುದಷ್ಟೇ.

ಇತ್ತ ಜಿಲ್ಲೆಯ ರೋಗಿಗಳನ್ನು ನೋಡಿ. ಜನಸಂಖ್ಯೆ ಐದೂವರೆ ಲಕ್ಷ, ನಾಲ್ಕು ಸಾವಿರ ಚದರ ಕಿಲೋಮೀಟರ್ ಮಲೆ, ರೈಲಿಲ್ಲ. ಕಾಳುಮೆಣಸು ಕೊಯ್ಯಲು ಏಣಿ ಹತ್ತಿ ಸಿಲ್ವರ್ ಓಕ್ ಮರದಿಂದ ಬಿದ್ದವರು, ಆನೆ ತುಳಿದವರು, ವಿಷ ಕುಡಿದವರು, ಮಳೆಗಾಲದಲ್ಲಿ ತಿರುವಿನಲ್ಲಿ ಜಾರಿದ ಬೈಕಿನವರು, ಹಾವು ಕಚ್ಚಿದವರು. ಹಾವಿನ ವಿಷಯವನ್ನೇ ಸ್ವಲ್ಪ ಹತ್ತಿರದಿಂದ ನೋಡಬಹುದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ನಮ್ಮ ಪ್ರತಿವಿಷ ತಯಾರಾಗುತ್ತದೆ. ಪಶ್ಚಿಮಘಟ್ಟದ ತೋಟಗಳ ತರಗೆಲೆಯಲ್ಲಿ ಸುತ್ತಿಕೊಂಡಿರುವ ಮೇಲ್ಮೂತಿಯ ಪುಟ್ಟ ಮಂಡಲದ ಹಾವು, ಇಂಗ್ಲಿಷ್ ಪುಸ್ತಕಗಳ ಹಂಪ್-ನೋಸ್ಡ್ ಪಿಟ್ ವೈಪರ್, ಈ ಪಟ್ಟಿಯಲ್ಲಿಲ್ಲ. ಅದು ಕಚ್ಚಿದಾಗ ಆ ಪ್ರತಿವಿಷ ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ, ಮೂತ್ರಪಿಂಡ ಸೋಲುತ್ತದೆ. ಆಗ ಬೇಕಾಗುವುದು ತಾಳ್ಮೆಯ ನಿಗಾ, ಡಯಾಲಿಸಿಸ್, ಮತ್ತೆ ಮತ್ತೆ ಪ್ರತಿವಿಷ ಸುರಿಯಬಾರದೆಂಬ ವಿವೇಕ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದಾಯಿತು. ಈ ಜ್ಞಾನ ಬೆಂಗಳೂರಿನ ಹೃದ್ರೋಗ ಐಸಿಯುನಲ್ಲಿ ಕೂತವರಿಗೆ ಬರುವುದಿಲ್ಲ, ಘಟ್ಟದ ಆಸ್ಪತ್ರೆಯಲ್ಲಿ ಮೂರು ತಿಂಗಳು ಕಳೆದವರಿಗೆ ಬರುತ್ತದೆ. ಗ್ರಾಮೀಣ ಆಸ್ಪತ್ರೆಯಲ್ಲಿ ಕಲಿಯುವುದೆಂದರೆ ಹಳ್ಳಿಗೆ ಉಪಕಾರ ಮಾಡುವುದು ಎಂಬ ಭಾವನೆ ನಮ್ಮಲ್ಲಿದೆ. ಉಪಕಾರ ಆಗುವುದು ಎರಡೂ ಕಡೆಗೆ.

ಇನ್ನು ದಾರಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು 140ರ ಆಸುಪಾಸು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದಾಗ ಎರಡನೆಯ ದಾರಿಯೇ ಇಲ್ಲವಾಯಿತು. ಮೈಸೂರಿನ ದಾರಿ ತೆರೆದಿದ್ದಾಗಲೂ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ಸಾಮಾನ್ಯವಾಗಿ ಆಂಬುಲೆನ್ಸಿನಲ್ಲಿ ಇಡುವ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ. ಉಸಿರಾಟ ಕೆಟ್ಟ ರೋಗಿಗೆ ನಿಮಿಷಕ್ಕೆ 15 ಲೀಟರ್ ಹರಿಸಿದರೆ ಅದು 100 ನಿಮಿಷಕ್ಕೆ ಖಾಲಿ. ಸುಂಟಿಕೊಪ್ಪ, ಕುಶಾಲನಗರ, ಪಿರಿಯಾಪಟ್ಟಣ ದಾಟಿ ಹುಣಸೂರಿನ ಆಸುಪಾಸು ಬರುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದಿರುತ್ತದೆ, ಮೈಸೂರು ಇನ್ನೂ ಒಂದು ಗಂಟೆ. ಎರಡನೆಯ ಸಿಲಿಂಡರ್ ಇದೆಯೇ, ಅದನ್ನು ಬದಲಿಸುವ ಚಾವಿ ಗಾಡಿಯಲ್ಲಿದೆಯೇ, ಬದಲಿಸಲು ಬರುವವರು ಹಿಂದೆ ಕೂತಿದ್ದಾರೆಯೇ, ಕೊಳವೆ ಜಾರಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತೇ? ಜೀವ ಉಳಿಯುವುದು ಇಂಥ ವಿವರದ ಮೇಲೆ. ರೋಗಿಯ ಸಾಗಾಟವನ್ನು ಪಠ್ಯದ ಕೊನೆಯಲ್ಲಿ ಎರಡು ಪುಟವಾಗಿಟ್ಟರೆ ಸಾಲದು. ಪರೀಕ್ಷೆಯ ಕೋಣೆಯಲ್ಲಿ ಈ ಲೆಕ್ಕ ಕೇಳಬೇಕು.

ಸಂಘದ ಐಸಿಯು ಮಾರ್ಗಸೂಚಿಯಲ್ಲಿ ಇದಕ್ಕೊಂದು ಎಳೆ ಈಗಾಗಲೇ ಇದೆ. ಅದು ಐಸಿಯುಗಳನ್ನು ಮೂರು ಹಂತವಾಗಿ ವಿಂಗಡಿಸುತ್ತದೆ. ಮೊದಲ ಹಂತದ್ದು ಸಣ್ಣ ಜಿಲ್ಲಾಸ್ಪತ್ರೆ, ನರ್ಸಿಂಗ್ ಹೋಂ, ಗ್ರಾಮೀಣ ಕೇಂದ್ರಗಳಿಗೆ: ಆರರಿಂದ ಎಂಟು ಹಾಸಿಗೆ, ಒಂದೆರಡು ದಿನವಾದರೂ ವೆಂಟಿಲೇಟರ್ ನಡೆಸುವ ಶಕ್ತಿ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸುರಕ್ಷಿತವಾಗಿ ಸಾಗಿಸುವ ಏರ್ಪಾಟು. ಅಲ್ಲಿನ ಸಿಬ್ಬಂದಿ ಪೂರ್ಣ ತಜ್ಞರಾಗಬೇಕೆಂಬ ಹಟವಿಲ್ಲ, ಎರಡು ಮೂರು ದಿನದ ಕಿರು ತರಬೇತಿ ಪಡೆದರೂ ಸರಿ ಎನ್ನುತ್ತದೆ. ವಿರಾಜಪೇಟೆ, ಸೋಮವಾರಪೇಟೆಯಂಥ ಊರಿನ ಆಸ್ಪತ್ರೆಗಳಿಗೆ ಹೇಳಿ ಬರೆಸಿದಂತಿದೆ. ಕಾಗದದ ಮೇಲೆ ನಮ್ಮನ್ನು ಯಾರೂ ಮರೆತಿಲ್ಲ. ಕೊರತೆ ಇರುವುದು ಮೊದಲ ಹಂತಕ್ಕೂ ಮೂರನೆಯ ಹಂತಕ್ಕೂ ನಡುವೆ ಜನ ಓಡಾಡುವ ವ್ಯವಸ್ಥೆಯಲ್ಲಿ. ರೋಗಿ ಮೇಲಕ್ಕೆ ಹೋಗುತ್ತಾನೆ, ವೈದ್ಯರು ಕೆಳಕ್ಕೆ ಬರುವುದಿಲ್ಲ.

ಕೋವಿಡ್ ಕಾಲ ಈ ಓಡಾಟಕ್ಕೆ ಇನ್ನೊಂದು ರೂಪ ಕೊಟ್ಟಿತು. ಬೆಂಗಳೂರಿನಲ್ಲಿ ಕೂತ ತಜ್ಞರು ಪರದೆಯ ಮೇಲೆ ಜಿಲ್ಲಾಸ್ಪತ್ರೆಗಳ ರೋಗಿಗಳನ್ನು ನೋಡಿ ಸಲಹೆ ಕೊಡುವ ಟೆಲಿ ಐಸಿಯು ಬಂತು. 2021ರಲ್ಲಿ ಶುರುವಾದ ಹತ್ತು ಹಾಸಿಗೆಯ ಐಸಿಯು ಯೋಜನೆ ಸಣ್ಣ ಸರ್ಕಾರಿ ಆಸ್ಪತ್ರೆಗಳನ್ನು ಹೀಗೆಯೇ ದೊಡ್ಡವಕ್ಕೆ ಜೋಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮೂಲಸೌಕರ್ಯ ಯೋಜನೆಯಡಿ ಜಿಲ್ಲೆಗಳಲ್ಲಿ ಕ್ರಿಟಿಕಲ್ ಕೇರ್ ಬ್ಲಾಕ್ ಕಟ್ಟುವ ಘೋಷಣೆಯೂ ಆಯಿತು. ಪರದೆಯ ಸಲಹೆ ಒಳ್ಳೆಯದೇ. ಆದರೆ ಪರದೆಯ ಆಚೆಯಿಂದ ಯಾರೂ ಗಂಟಲಿಗೆ ಕೊಳವೆ ಇಳಿಸಲಾರರು.

ಅದಕ್ಕೇ ಆಸ್ಟ್ರೇಲಿಯಾದ ಆ ಮೂರು ತಿಂಗಳ ಸಾಲು ನನಗೆ ಅಷ್ಟು ದೊಡ್ಡದಾಗಿ ಕಾಣುವುದು. ನಮ್ಮಲ್ಲೂ ಅದರ ಸೋದರನೊಬ್ಬನಿದ್ದಾನೆ. 2020ರ ಸೆಪ್ಟೆಂಬರಿನಲ್ಲಿ ಹೊರಟ ಜಿಲ್ಲಾ ರೆಸಿಡೆನ್ಸಿ ನಿಯಮದಂತೆ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಆ ನಿಯಮ ಬಂದದ್ದು ವೈದ್ಯಕೀಯ ಶಿಕ್ಷಣದ ನಿಯಂತ್ರಕರ ಕಡೆಯಿಂದ, ವೃತ್ತಿಯವರ ಕಾಲೇಜಿನಿಂದಲ್ಲ. ತೀವ್ರ ನಿಗಾ ಕಾಲೇಜು ತನ್ನ ಡಿಪ್ಲೊಮಾಕ್ಕೂ ಇಂಥದೊಂದು ಸಾಲು ಸೇರಿಸಲಿ. ಮೈಸೂರಿನ ಮಾನ್ಯತೆ ಪಡೆದ ಘಟಕವೊಂದು ಮಡಿಕೇರಿಯ ಐಸಿಯುವನ್ನು ತನ್ನ ಉಪಕೇಂದ್ರ ಎಂದು ತೋರಿಸಿದರೆ, ಅಲ್ಲಿ ಕಳೆದ ತಿಂಗಳುಗಳೂ ತರಬೇತಿಗೆ ಜಮಾ ಆಗಲಿ. ಮೇಲ್ವಿಚಾರಣೆಗೆ ವಾರಕ್ಕೊಮ್ಮೆ ಹಿರಿಯರು ಬರಲಿ, ಉಳಿದ ದಿನ ಪರದೆ ಇದೆ. ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಿರಿಯರಿಲ್ಲದ ಕಡೆ ಕಿರಿಯರನ್ನು ಬಿಟ್ಟು ಅದನ್ನು ತರಬೇತಿ ಎನ್ನುವುದು ಮೋಸವೇ. ಆದರೆ ಒಟ್ಟು ಅವಧಿಯಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಹೀಗೆ ಕಳೆಯಲು ಬಿಟ್ಟರೆ ಆ ಅಪಾಯ ಹತೋಟಿಯಲ್ಲೇ ಇರುತ್ತದೆ.

ವೃತ್ತಿ ಸಂಸ್ಥೆ ಮನಸ್ಸು ಮಾಡಿದರೆ ಎಷ್ಟು ದೂರ ಕೈ ಚಾಚಬಲ್ಲದು ಎಂಬುದಕ್ಕೆ ಕಾನೂನಿನ ಉದಾಹರಣೆ ಇದೆ. ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಒಪ್ಪಿತು. ವಿಧಾನ ಮಾತ್ರ ಆಚರಿಸಲಾಗದಷ್ಟು ಬಿಗಿ: ವೈದ್ಯ ಮಂಡಳಿಯ ತಜ್ಞರಿಗೆ 20 ವರ್ಷದ ಅನುಭವ ಬೇಕು, ಮ್ಯಾಜಿಸ್ಟ್ರೇಟರು ಬಂದು ರೋಗಿಯನ್ನು ನೋಡಬೇಕು. ಇದನ್ನು ಸಡಿಲಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿದ್ದು ಐಎಸ್‌ಸಿಸಿಎಂ. 2023ರ ಜನವರಿಯಲ್ಲಿ ಕೋರ್ಟ್ ಅನುಭವವನ್ನು ಐದು ವರ್ಷಕ್ಕಿಳಿಸಿತು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕೆಂದಿತು. 2025ರ ಜನವರಿಯಲ್ಲಿ ಕರ್ನಾಟಕ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಐಸಿಯು ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಆದರೆ ಸಡಿಲಿಸಿದ ನಿಯಮವನ್ನೂ ಮಡಿಕೇರಿಯಲ್ಲಿ ನಿಂತು ಎಣಿಸಿ ನೋಡಿ. ಮೊದಲ ಮಂಡಳಿಯಲ್ಲಿ ಚಿಕಿತ್ಸೆ ಕೊಡುವ ವೈದ್ಯರ ಜೊತೆ ಇಬ್ಬರು ತಜ್ಞರು. ಎರಡನೆಯ ಮಂಡಳಿಯಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬರು, ಮೊದಲನೆಯದರಲ್ಲಿ ಇಲ್ಲದ ಇನ್ನಿಬ್ಬರು ತಜ್ಞರು. ಒಬ್ಬ ರೋಗಿಗೆ ಕನಿಷ್ಠ ಆರು ವೈದ್ಯರು, ಅದರಲ್ಲಿ ನಾಲ್ವರು ಆಯಾ ವಿಷಯದಲ್ಲಿ ಐದು ವರ್ಷ ಪಳಗಿದವರು. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ಒಂದು ಮಹಡಿಯಲ್ಲಿ ಇಷ್ಟು ಮಂದಿ ಸಿಗುತ್ತಾರೆ. ತಾಲ್ಲೂಕು ಊರಿನ ನರ್ಸಿಂಗ್ ಹೋಂ ಎಲ್ಲಿಂದ ತರಬೇಕು? ಕೊನೆಗೆ ಅಲ್ಲಿ ನಡೆಯುವುದು ಹಳೆಯ ಪದ್ಧತಿಯೇ: ಮನೆಯವರು ಸಹಿ ಹಾಕಿ ರೋಗಿಯನ್ನು ಕರೆದುಕೊಂಡು ಹೋಗುವುದು. ಅರ್ಜಿ ಬರೆಯುವ ಮೇಜಿನ ಸುತ್ತ ಸಣ್ಣ ಜಿಲ್ಲೆಯಿಂದ ಒಬ್ಬರು ಕೂತಿದ್ದರೆ ಈ ಎಣಿಕೆ ಅಲ್ಲೇ ನಡೆದಿರುತ್ತಿತ್ತು. ಊರಿನ ಶಾಖೆಗಳ ಆಧಾರದ ಮೇಲೆ ನಿಂತ ಸಂಘದಲ್ಲಿ, ಶಾಖೆ ಮಾಡುವಷ್ಟು ತಜ್ಞರೇ ಇಲ್ಲದ ಜಿಲ್ಲೆಯ ದನಿಗೆ ಜಾಗ ಮಾಡಿಕೊಡಬೇಕಾದದ್ದು ನಿಯಮಾವಳಿಯ ಕೆಲಸ. ಒಳ್ಳೆಯ ಮನಸ್ಸಿನವರು ಅಧ್ಯಕ್ಷರಾದರೆ ಸಾಕು ಎಂದು ಕಾಯುವಂಥದ್ದಲ್ಲ.

ಕೊನೆಯದಾಗಿ ನರ್ಸ್‌ಗಳ ಮಾತು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬರಿಗೊಬ್ಬ ನರ್ಸ್ ಇರಬೇಕೆನ್ನುತ್ತದೆ ಮಾರ್ಗಸೂಚಿ. ವೈದ್ಯರು ಸುತ್ತು ಹಾಕಿ ಹೋದ ಮೇಲೆ ಕಫ ತೆಗೆಯುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು, ಡ್ರಿಪ್ಪಿನ ವೇಗ ತಿದ್ದುವುದು, ರಕ್ತದೊತ್ತಡ ಇಳಿಯುವ ಮುನ್ನವೇ ಏನೋ ಸರಿಯಿಲ್ಲ ಎಂದು ಗುರುತಿಸಿ ಫೋನು ಮಾಡುವುದು ಅವರೇ. ಬ್ರಿಟನ್ನಿನ ಫ್ಯಾಕಲ್ಟಿ ನರ್ಸಿಂಗ್ ಮತ್ತು ಫಿಸಿಯೋಥೆರಪಿ ಹಿನ್ನೆಲೆಯವರನ್ನು ಅಡ್ವಾನ್ಸ್ಡ್ ಕ್ರಿಟಿಕಲ್ ಕೇರ್ ಪ್ರಾಕ್ಟಿಷನರ್ ಆಗಿ ತರಬೇತಿಗೊಳಿಸಿ ತನ್ನ ಸದಸ್ಯತ್ವದ ಒಳಗೆ ತಂದುಕೊಂಡಿದೆ. ನಮ್ಮ ಕಾಲೇಜಿನ ನರ್ಸಿಂಗ್ ಡಿಪ್ಲೊಮಾ ಇನ್ನೂ ಪಕ್ಕದ ಕೋಣೆಯ ಕೋರ್ಸಿನಂತೆಯೇ ಇದೆ. ಕೊಡಗಿಗೆ ಡಿ.ಎಂ. ತಜ್ಞರು ಬರುವುದು ಯಾವಾಗಲೋ. ಗೋಣಿಕೊಪ್ಪದಲ್ಲೋ ನಾಪೋಕ್ಲಿನಲ್ಲೋ ಮನೆ ಇರುವ, ಗಂಡ ತೋಟ ನೋಡಿಕೊಳ್ಳುವ, ಮಕ್ಕಳು ಇಲ್ಲಿನ ಶಾಲೆಗೇ ಹೋಗುವ ಸ್ಟಾಫ್ ನರ್ಸ್ ಮಾತ್ರ ಈಗಲೇ ಇಲ್ಲಿದ್ದಾರೆ, ನಿವೃತ್ತಿಯವರೆಗೂ ಇಲ್ಲೇ ಇರುತ್ತಾರೆ. ಅವರನ್ನು ಸಂಬಳ ಸಮೇತ ಮೈಸೂರಿನ ಘಟಕವೊಂದಕ್ಕೆ ಕಲಿಯಲು ಕಳಿಸಿ, ವಾಪಸು ಬಂದಾಗ ಐಸಿಯುನಿಂದ ಬೇರೆ ವಾರ್ಡಿಗೆ ಎತ್ತಿಹಾಕದಂತೆ ನೋಡಿಕೊಂಡರೆ, ಮೊದಲ ಹಂತದ ಐಸಿಯುಗೆ ಬೇಕಾದ ಅರ್ಧ ಕೆಲಸ ಆಗುತ್ತದೆ. ಕಳಿಸುವುದು ಆರೋಗ್ಯ ಇಲಾಖೆಗೆ ಬಿಟ್ಟದ್ದು. ಕಲಿಯಲು ಸೀಟು ಕಾದಿರಿಸುವುದು ಕಾಲೇಜಿಗೆ ಬಿಟ್ಟದ್ದು, ಅದಕ್ಕೆ ಯಾವ ಕೋರ್ಟಿನ ಅನುಮತಿಯೂ ಬೇಕಿಲ್ಲ.